ಜೋಡಿ ಸೈಕಲಿನ ಹಿಂದಿನ ಸೀಟು

ಸೆಪ್ಟೆಂಬರ್ 28, ಭಾನುವಾರ

ಮಗ ಕೈಕೊಟ್ಟ. ಮಾತಿಗೆ ಹೇಳುತ್ತಿಲ್ಲ, ನಿಜವಾಗಿಯೂ ಕೈಯೇ. ಅಡುಗೆಮನೆಯ ಬಲ್ಬು ಬದಲಿಸಲು ಸ್ಟೂಲು ಹತ್ತಿ, ಸ್ಟೂಲಿನ ಸಮೇತ ಬಿದ್ದು, ಬಲಗೈ ಮಣಿಕಟ್ಟು ಮುರಿದುಕೊಂಡು ಕೂತಿದ್ದಾನೆ. ವರ್ಷವಿಡೀ ಇಬ್ಬರೂ ಜೋಡಿ ಸೈಕಲ್ ತುಳಿದಿದ್ದೇವೆ. ಮಳೆಯಲ್ಲಿ ನೆಂದಿದ್ದೇವೆ, ಲಾರಿಗಳ ನಡುವೆ ನುಗ್ಗಿದ್ದೇವೆ, ಮೈಮೇಲೆ ಒಂದು ಗೀರು ಬಿದ್ದಿಲ್ಲ. ಹೊರಡಲು ವಾರ ಇದೆ ಎನ್ನುವಾಗ ಒಂದು ಬಲ್ಬು ಎಲ್ಲಕ್ಕೂ ಕಲ್ಲು ಹಾಕಿತು.

ಯಾರ ಮೇಲೆ ಸಿಟ್ಟು ಮಾಡುವುದು ಎಂದು ತಿಳಿಯದೆ ಬೆಳಗಿನಿಂದ ಪಾತ್ರೆಗಳ ಮೇಲೆ ಮಾಡುತ್ತಿದ್ದೇನೆ.

ಈ ಪ್ರವಾಸ ನನಗೆ ಸುಮ್ಮನೆ ಪ್ರವಾಸವಲ್ಲ. ಯುದ್ಧದ ಕಾಲದಲ್ಲಿ ಹೆದ್ದಾರಿಯೂ ರೈಲೂ ಶತ್ರುಗಳ ಕೈಗೆ ಹೋದಾಗ, ಬಂದರಿನಿಂದ ಬೆಟ್ಟದಾಚೆಯ ಆಸ್ಪತ್ರೆಗೆ ಔಷಧಿ ಹೋದದ್ದು ಈ ಹಳೆಯ ರಸ್ತೆಯಲ್ಲಿ, ಸೈಕಲ್ ಮೇಲೆ. ಹಾಗೆ ಹೊತ್ತವರಲ್ಲಿ ನನ್ನಮ್ಮನೂ ಒಬ್ಬಳು. ಇಪ್ಪತ್ತರ ಹುಡುಗಿ, ಕ್ಯಾರಿಯರಿಗೆ ಎರಡು ಪೆಟ್ಟಿಗೆ ಬಿಗಿದುಕೊಂಡು ಘಾಟಿ ಹತ್ತಿ ಆ ಕಡೆ ಇಳಿದವಳು. ಈಗ ಪ್ರತಿ ವರ್ಷ ಒಂದು ಸೈಕಲ್ ಕ್ಲಬ್ಬಿನವರು ಅದೇ ದಾರಿಯನ್ನು ಗುಂಪಾಗಿ ತುಳಿಯುತ್ತಾರೆ. ಹಿಂದೆ ಒಂದು ವ್ಯಾನು ಬರುತ್ತದೆ. ಆಗದವರು ಹತ್ತಬಹುದು. ಹತ್ತಿದವರನ್ನು ಯಾರೂ ಏನೂ ಅನ್ನುವುದಿಲ್ಲ, ಆದರೆ ಆಮೇಲೆ ಅವರು ಆ ದಾರಿ ಪೂರ್ತಿ ತುಳಿದವರು ಎನಿಸಿಕೊಳ್ಳುವುದೂ ಇಲ್ಲ. ಆ ವ್ಯಾನಿಗೆ ನಾನು ಕಾಲಿಡುವವಳಲ್ಲ. ಬಂದರಿನ ಗೇಟಿನಿಂದ ಘಾಟಿಯ ನೆತ್ತಿಯವರೆಗೆ ಅಮ್ಮನ ಹಾಗೆ ನನ್ನ ಕಾಲಿನಿಂದಲೇ ಹೋಗಬೇಕು. ಅರವತ್ತು ದಾಟಿದೆ. ಮುಂದಿನ ವರ್ಷ ನೋಡೋಣ ಎನ್ನುವ ವಯಸ್ಸಲ್ಲ ಇದು.

ಒಬ್ಬಳೇ ತುಳಿದುಕೊಂಡು ಹೋಗುತ್ತೇನೆಂದರೆ ಅದೂ ಆಗದು. ಕಿವಿಯೊಳಗೆ ಏನೋ ಕೆಟ್ಟು ತಲೆಸುತ್ತು ಶುರುವಾದ ಮೇಲೆ ಹ್ಯಾಂಡಲ್ ಮುಟ್ಟಬೇಡಿ ಎಂದಿದ್ದಾರೆ ಡಾಕ್ಟರು. ಕಾಲು ಗಟ್ಟಿಯಿದೆ, ತಲೆ ಮಾತ್ರ ವಾಲುತ್ತದೆ. ಅದಕ್ಕೇ ಎರಡು ಸೀಟಿನ ಈ ಜೋಡಿ ಸೈಕಲ್ ಕೊಂಡದ್ದು. ಮುಂದಿನವರ ಕೈಯಲ್ಲಿ ಹ್ಯಾಂಡಲು, ಬ್ರೇಕು, ಗಿಯರು. ಹಿಂದಿನವರಿಗೆ ಪೆಡಲು ಮಾತ್ರ.

"ಅಮ್ಮಾ, ಇವಳು ಕರ್ಕೊಂಡು ಹೋಗ್ತಾಳೆ" ಎಂದ ಮಗ, ಹೆಂಡತಿಯ ಕಡೆ ಕೈ ತೋರಿಸಿ.

"ಇವಳಿಗೆ ಸೈಕಲ್ ಬರುತ್ತಾ?" ಎಂದು ಅವನನ್ನೇ ಕೇಳಿದೆ.

"ಬರುತ್ತೆ" ಎಂದಳು ಮಗನ ಹೆಂಡತಿ. ಇಡೀ ದಿನಕ್ಕೆ ಅವಳ ಮಾತು ಅಷ್ಟೇ. ಬಂದರಿನಲ್ಲಿ ಕ್ರೇನ್ ಓಡಿಸುತ್ತಾಳೆ. ಮದುವೆಯಾಗಿ ಮೂರು ವರ್ಷವಾಯಿತು, ಅವಳ ಮಾತು ಇನ್ನೂ ತವರಿನಿಂದ ಬಂದಿಲ್ಲ. ನಾನು ಮನಸ್ಸಿನಲ್ಲಿ ಮೌನಗೌರಿ ಎಂದು ಹೆಸರಿಟ್ಟಿದ್ದೇನೆ.

ಬೇರೆ ದಾರಿ ಇಲ್ಲ. ಒಪ್ಪಿಕೊಂಡೆ.

ಅಕ್ಟೋಬರ್ 5, ಭಾನುವಾರ

ಹೊರಟೆವು. ಬಂದರಿನ ಗೇಟಿನ ಮುಂದೆ ಹದಿನಾಲ್ಕು ಜನ, ಹದಿಮೂರು ಸೈಕಲ್. ಮುಂದಾಳು ಒಬ್ಬ ಇತಿಹಾಸದ ಮೇಷ್ಟ್ರು. ತಿರುವು ಬಂದಲ್ಲೆಲ್ಲ ಎಲ್ಲರನ್ನೂ ನಿಲ್ಲಿಸಿ ಯುದ್ಧದ ಕಥೆ ಶುರು ಮಾಡುತ್ತಾನೆ. ನಮ್ಮ ಹಿಂದೆ ಒಬ್ಬ ಹಲ್ಲಿನ ಡಾಕ್ಟರು. ರೋಗಿಗಳು ಬಾಯಿ ತೆರೆದುಕೊಂಡು ಉತ್ತರ ಕೊಡಲಾಗದೆ ಕೂರುತ್ತಾರಲ್ಲ, ಅದೇ ರೂಢಿಯಾಗಿ ಇವರು ಒಬ್ಬರೇ ಮಾತಾಡುತ್ತಾರೆ.

ನಾನು ಬಸ್ ಕಂಡಕ್ಟರಾಗಿದ್ದವಳು ಎಂದು ತಿಳಿದ ಕೂಡಲೇ ಎಲ್ಲರೂ ಕಂಡಕ್ಟರಮ್ಮ ಎಂದು ಕರೆಯಲು ಶುರು ಮಾಡಿದರು. ಕರೆಯಲಿ. ಆ ಹೆಸರಿನಲ್ಲಿ ನನಗೆ ನಾಚಿಕೆ ಪಡುವಂಥದ್ದೇನೂ ಇಲ್ಲ. ಸರ್ವಿಸಿನಲ್ಲಿ ಒಬ್ಬ ಪ್ರಯಾಣಿಕನನ್ನೂ ದಾರಿಯಲ್ಲಿ ಬಿಟ್ಟು ಬಂದವಳಲ್ಲ.

ನನಗೆ ಕಾಣುವುದು ಮೌನಗೌರಿಯ ಬೆನ್ನು. ನೀಲಿ ಅಂಗಿ, ಕುತ್ತಿಗೆಯ ಹತ್ತಿರ ಒಂದು ಹೊಲಿಗೆ ಬಿಟ್ಟಿದೆ, ಅದರಾಚೆ ಜಗತ್ತಿಲ್ಲ. ಡ್ರೈವರುಗಳ ಬೆನ್ನು ನೋಡಿಯೇ ನನ್ನ ಆಯಸ್ಸು ಕಳೆದಿದೆ. ಹೆಂಡತಿಯ ಜೊತೆ ಜಗಳವಾಡಿ ಬಂದವನು, ನಿದ್ದೆಗೆಟ್ಟವನು, ಎಲ್ಲರ ಕಥೆಯನ್ನೂ ಬೆನ್ನು ಹೇಳುತ್ತಿತ್ತು. ಈ ಬೆನ್ನು ಏನೂ ಹೇಳುವುದಿಲ್ಲ. ಗುಂಡಿ ಬಂದರೆ ಗುಂಡಿ ಎನ್ನಬೇಕು, ಗಿಯರು ಬದಲಿಸುವಾಗ ತಿಳಿಸಬೇಕು, ತುಳಿಯುವುದು ನಿಲ್ಲಿಸುವ ಮೊದಲು ಒಂದು ಮಾತು ಹೇಳಬೇಕು. ಎರಡು ಜೊತೆ ಪೆಡಲೂ ಒಂದಕ್ಕೊಂದು ಚೈನಿನಲ್ಲಿ ಬಿಗಿದುಕೊಂಡಿವೆ, ಅವಳ ಕಾಲು ನಿಂತರೆ ನನ್ನದೂ ನಿಂತಂತೆಯೇ. ಇವಳು ತುಟಿಪಿಟಕ್ಕೆನ್ನುವುದಿಲ್ಲ. ಪ್ರತಿಯೊಂದು ಗುಂಡಿಯ ಸುದ್ದಿಯೂ ನನಗೆ ಸೊಂಟದ ಮೂಲಕವೇ ತಲುಪಿತು. ಎಡಕ್ಕೆ ಹಿಡಿ, ನಿಧಾನ, ಬಸ್ಸು ಹೋಗಲಿ ಎಂದು ನಾನು ಬಾಯಿ ಬಡಿದುಕೊಂಡದ್ದೆಲ್ಲ ಗಾಳಿಗೆ ಹೋಯಿತು.

ಸಂಜೆ ಕೇಳಿಯೇಬಿಟ್ಟೆ. "ನಾನು ಹೇಳಿದ್ದು ಕೇಳಿಸ್ಲಿಲ್ವಾ?"

"ಕೇಳಿಸ್ತು."

"ಮತ್ತೆ?"

"ಕ್ರೇನಲ್ಲಿ ಒಬ್ಬರ ಸನ್ನೆ ಮಾತ್ರ ನೋಡೋದು ಅತ್ತೆ. ಇಬ್ಬರದ್ದು ನೋಡಿದ್ರೆ ಅನಾಹುತ ಆಗುತ್ತೆ. ಇವತ್ತು ನಾನು ಮೇಷ್ಟ್ರ ಕೈ ನೋಡ್ತಿದ್ದೆ."

"ಹಾಗಾದ್ರೆ ನಾನೇನು, ಹಿಂದೆ ಕಟ್ಟಿರೋ ಮೂಟೆಯಾ?"

ಅವಳು ಸ್ವಲ್ಪ ಯೋಚಿಸಿದಳು. "ಮೂಟೆ ಅಲುಗಾಡಲ್ಲ ಅತ್ತೆ" ಎಂದಳು.

ಎಷ್ಟು ಕೊಬ್ಬು ನೋಡಿ. ನಗಲೂ ಇಲ್ಲ.

ಅಕ್ಟೋಬರ್ 6, ಸೋಮವಾರ

ಕೂರಲು ಆಗುತ್ತಿಲ್ಲ, ನಿಂತು ಬರೆಯುತ್ತಿದ್ದೇನೆ. ಅವಳ ಹತ್ತಿರ ಮಾತು ಬಿಟ್ಟಿದ್ದೇನೆ. ಅದು ಅವಳಿಗೆ ಗೊತ್ತಾಗಿದೆಯೋ ಇಲ್ಲವೋ ಎಂಬುದೇ ಗೊತ್ತಾಗುತ್ತಿಲ್ಲ.

ಅಕ್ಟೋಬರ್ 8, ಬುಧವಾರ

ಇವತ್ತು ಬಿದ್ದೆವು.

ಒಂದು ಶಾಲೆಯ ಆಟದ ಮೈದಾನದ ಪಕ್ಕದಲ್ಲಿ ಇಳಿಜಾರು. ಗುಂಪೆಲ್ಲ ಒಳ್ಳೆಯ ವೇಗದಲ್ಲಿದೆ. ಒಳಗೆ ಮಕ್ಕಳ ಚೆಂಡಾಟ. ಯಾರೋ ತಪ್ಪಾಡಿದರೆಂದು ಕಾಣುತ್ತದೆ, ಆಟ ಆಡಿಸುವವರು ಜೋರಾಗಿ ಒಂದು ಸೀಟಿ ಊದಿದರು. ಮೌನಗೌರಿ ಎರಡೂ ಬ್ರೇಕು ಒತ್ತಿ ರಸ್ತೆ ಮಧ್ಯದಲ್ಲಿ ಗರ ಬಡಿದವಳಂತೆ ನಿಂತುಬಿಟ್ಟಳು. ಹಿಂದಿನಿಂದ ಹಲ್ಲಿನ ಡಾಕ್ಟರು ಮಾತಾಡುತ್ತಲೇ ಬಂದು ನಮಗೆ ಗುದ್ದಿದರು. ಮೂವರೂ ಚರಂಡಿಯಲ್ಲಿ. ಡಾಕ್ಟರು ಮೇಲೆದ್ದು ಮೊದಲು ಮುಟ್ಟಿ ನೋಡಿಕೊಂಡದ್ದು ತಮ್ಮ ಹಲ್ಲುಗಳನ್ನು.

ನನ್ನ ಬಾಯಲ್ಲಿ ಬೈಗುಳ ಸಿದ್ಧವಾಗಿತ್ತು. ಅವಳ ಮುಖ ನೋಡಿ ನುಂಗಿಕೊಂಡೆ. ಬಿಳಿಚಿಕೊಂಡಿದ್ದಳು, ಕೈ ಇನ್ನೂ ಬ್ರೇಕು ಹಿಡಿದಂತೆಯೇ ಮಡಚಿಕೊಂಡಿತ್ತು.

"ಸೀಟಿ ಕೇಳಿದ್ರೆ ಕೈ ತಾನಾಗೇ ನಿಲ್ಲಿಸುತ್ತೆ" ಎಂದಳು. "ಎತ್ತು, ಇಳಿಸು ಅನ್ನೋದಕ್ಕೆ ಒಬ್ಬರ ಸನ್ನೆ. ನಿಲ್ಸೋದಕ್ಕೆ ಮಾತ್ರ ಯಾರು ಊದಿದ್ರೂ ನಿಲ್ಲಿಸ್ಬೇಕು. ಕೆಳಗೆ ಯಾರದ್ದೋ ತಲೆ ಇರುತ್ತೆ ಅತ್ತೆ."

ಸೈಕಲಿನ ಹಿಂದಿನ ಬ್ರೇಕು ಬಾಗಿತ್ತು. ಮುಂದಿನ ಪೇಟೆಯ ರಿಪೇರಿ ಅಂಗಡಿಯವರೆಗೆ ವ್ಯಾನಿನಲ್ಲಿ ಬನ್ನಿ ಎಂದ ಮೇಷ್ಟ್ರು. ನಾನು ಕೊಟ್ಟ ನೋಟಕ್ಕೆ ಆತ ಎರಡನೇ ಸಲ ಹೇಳಲಿಲ್ಲ. ತಳ್ಳಿಕೊಂಡೇ ನಡೆದೆವು, ನಾನೊಂದು ಕಡೆ, ಅವಳೊಂದು ಕಡೆ. ಬಿಸಿಲು ಚುರುಗುಟ್ಟುತ್ತಿತ್ತು. ಎಷ್ಟು ದೂರ ಅಂತ ಸುಮ್ಮನೆ ನಡೆಯುವುದು? ನಿವೃತ್ತಿಯಾದ ಮೇಲೂ ದಾರಿಯಲ್ಲಿ ಯಾರಾದರೂ ಸೀಟಿ ಊದಿದರೆ ನನ್ನ ಕೈ ಕಂಕುಳಲ್ಲಿಲ್ಲದ ಚೀಲ ಹುಡುಕುತ್ತದೆ, ಒಮ್ಮೆ ಯಾರದೋ ಮದುವೆಮನೆಯಲ್ಲಿ ಊಟದ ಸಾಲಿನವರಿಗೆ "ಒಳಗೆ ಸರೀರಿ, ಒಳಗೆ ಜಾಗ ಇದೆ" ಎಂದುಬಿಟ್ಟಿದ್ದೆ ಎಂದೆ.

ಅವಳು ನಕ್ಕಳು. ಸ್ಟಾರ್ಟ್ ಆಗದ ಸ್ಕೂಟರಿನ ಹಾಗೆ ನಗುತ್ತಾಳೆ, ಎರಡು ಮೂರು ಸಲ ಒದ್ದ ಮೇಲೆ ಹತ್ತಿಕೊಳ್ಳುತ್ತದೆ. ಮೂರು ವರ್ಷದಲ್ಲಿ ನಾನು ಕೇಳಿದ್ದು ಇದೇ ಮೊದಲು.

ರಿಪೇರಿ ಅಂಗಡಿಯ ಬೆಂಚಿನ ಮೇಲೆ ಕೂತು ಒಪ್ಪಂದ ಮಾಡಿಕೊಂಡೆವು. ರಸ್ತೆಯ ಮುಂದಿನದೆಲ್ಲ ಅವಳದು. ಗುಂಡಿ, ತಿರುವು, ಇಳಿಜಾರು, ಎಲ್ಲವನ್ನೂ ಬಾಯಿ ಬಿಟ್ಟು ಹೇಳಬೇಕು. ಹಿಂದಿನಿಂದ ಬರುವುದೆಲ್ಲ ನನ್ನದು. ಲಾರಿ ಬಂದರೆ ನಾನು ಹೇಳುತ್ತೇನೆ, ಅವಳು ತಿರುಗಿ ನೋಡಬಾರದು. "ತಿರುಗಿ ನೋಡ್ದೆ ಇರೋದು ಅಂದ್ರೆ ನಿಮ್ಮನ್ನ ಪೂರ್ತಿ ನಂಬಬೇಕು" ಎಂದಳು.

"ನಂಬು. ಇಡೀ ಬಸ್ಸು ನಂಬಿತ್ತು" ಎಂದೆ.

ಅಕ್ಟೋಬರ್ 9, ಗುರುವಾರ

ಎಂಥಾ ದಿನ. ಬೆಳಿಗ್ಗೆಯಿಂದ ಸಂಜೆಯವರೆಗೆ ಗಡಿಯಾರದ ಹಾಗೆ ಓಡಿದೆವು. "ಗುಂಡಿ" ಎನ್ನುತ್ತಾಳೆ, ನಾನು ಸೀಟಿನಿಂದ ಒಂಚೂರು ಏಳುತ್ತೇನೆ. "ಲಾರಿ" ಎನ್ನುತ್ತೇನೆ, ಸೈಕಲ್ಲು ಕೂದಲೆಳೆಯಷ್ಟು ಬದಿಗೆ ಸರಿಯುತ್ತದೆ. ಕಣ್ಣು ಮುಚ್ಚಿಕೊಂಡು ತುಳಿಯಬಹುದಿತ್ತು. ಸ್ವಲ್ಪ ಹೊತ್ತು ಮುಚ್ಚಿಕೊಂಡೇ ತುಳಿದೆ.

ಬಯಲು ದಾರಿಯಲ್ಲಿ ಹಲ್ಲಿನ ಡಾಕ್ಟರನ್ನು ಹಿಂದೆ ಹಾಕಿದೆವು. ಆಮೇಲೆ ಇನ್ನಿಬ್ಬರನ್ನು. ಆಮೇಲೆ ಸ್ವತಃ ಮೇಷ್ಟ್ರನ್ನು. ಆತ ಒಡೆದ ಸೇತುವೆಯ ಹತ್ತಿರ ಹೇಳಬೇಕೆಂದಿದ್ದ ಕಥೆ ಗಂಟಲಲ್ಲೇ ಉಳಿಯಿತು. "ಕಂಡಕ್ಟರಮ್ಮಾ, ಎಕ್ಸ್‌ಪ್ರೆಸ್ ಆಗಿಬಿಟ್ರಲ್ಲ" ಎಂದು ಹಿಂದಿನಿಂದ ಯಾರೋ ಕೂಗಿದರು. ನನಗೆ ಹೆಮ್ಮೆಯೋ ಹೆಮ್ಮೆ. ಈ ವಯಸ್ಸಿನಲ್ಲಿ ಈ ಕಾಲು ಯಾರಿಗಿದೆ?

ಸೊಸೆಯೂ ಪರವಾಗಿಲ್ಲ. ಇಳಿಜಾರಿನಲ್ಲಿ ಅವಳ ಕೈ ಒಂದು ಚೂರೂ ನಡುಗುವುದಿಲ್ಲ.

ಅಕ್ಟೋಬರ್ 11, ಶನಿವಾರ

ವಿಶ್ರಾಂತಿಯ ದಿನ. ಲಾಡ್ಜಿನಲ್ಲಿ ಎರಡು ಮಂಚದ ಸಣ್ಣ ಕೋಣೆ. ಒಬ್ಬರು ಬಾಗಿಲು ತೆರೆಯಬೇಕಾದರೆ ಇನ್ನೊಬ್ಬರು ಮಂಚದ ಮೇಲೆ ಕಾಲೆತ್ತಿ ಕೂರಬೇಕು. ಸೊಸೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಸೈಕಲ್ ಚೈನು ಉಜ್ಜುತ್ತಾ ಕೂತಿದ್ದಳು. ನಾನು ಬಾಳೆಹಣ್ಣು ತಿನ್ನುತ್ತಾ, ಇಲ್ಲಿ ಎಣ್ಣೆ ಸಾಲದು, ಅಲ್ಲಿ ಕೊಳೆ ಉಳಿಯಿತು ಎಂದು ಮೇಲ್ವಿಚಾರಣೆ ಮಾಡುತ್ತಿದ್ದೆ.

"ನಿನಗ್ಯಾಕೆ ಬೇಕಿತ್ತು ಇದು?" ಎಂದು ಕೇಳಿದೆ. "ಗಂಡ ಹೇಳ್ದ ಅಂತ ಬಂದ್ಯಾ?"

"ಇಲ್ಲ. ನಾನೇ ಅವರಿಗೆ ಹೇಳಿದ್ದು, ನಾನು ಹೋಗ್ತೀನಿ ಅಂತ."

"ಯಾಕೆ?"

ಚೈನಿನ ಮೇಲಿಂದ ಕಣ್ಣು ತೆಗೆಯಲಿಲ್ಲ. "ಮೂರು ವರ್ಷದಿಂದ ಒಂದೇ ಮನೇಲಿದ್ದೀವಿ ಅತ್ತೆ. ನೀವು ಏನು ಕೇಳೋದಿದ್ರೂ ಅವರ ಹತ್ತಿರ ಕೇಳ್ತೀರಾ. ಅವಳು ಊಟ ಮಾಡಿದ್ಲಾ, ಅವಳಿಗೆ ರಜ ಇದೆಯಾ ಅಂತ. ಸೈಕಲ್ ಮೇಲೆ ಅವರು ಇರಲ್ವಲ್ಲ."

ನಾನು ಯಾವಾಗ ಹಾಗೆ ಕೇಳಿದ್ದೇನೆ? ಕೇಳಿರಬಹುದು.

ಆಮೇಲೆ ತಾನಾಗಿಯೇ ಕ್ರೇನಿನ ವಿಷಯ ಹೇಳಿದಳು. ಏಣಿ ಹತ್ತಿ ಮೇಲೆ ಹೋದರೆ ಊಟದ ಹೊತ್ತಿನವರೆಗೂ ಕೆಳಗಿಳಿಯುವಂತಿಲ್ಲವಂತೆ. ಗಾಜಿನ ಡಬ್ಬಿ, ಒಂದು ಕುರ್ಚಿ, ಕಾಲ ಕೆಳಗೂ ಗಾಜು. ಹಡಗಿನಿಂದ ಒಂದು ಮನೆಯಷ್ಟು ಭಾರದ ಪೆಟ್ಟಿಗೆ ಎತ್ತಿ ಲಾರಿಯ ಮೇಲೆ ತಟ್ಟೆ ಇಟ್ಟ ಹಾಗೆ ಇಡಬೇಕಂತೆ. ಕೆಳಗಿನವರಿಗೆ ಪೆಟ್ಟಿಗೆ ಕಾಣುತ್ತದೆ, ಎತ್ತಿದವಳು ಕಾಣುವುದಿಲ್ಲ. "ನಮ್ಮ ಮನೆಯವರು ಯಾರೂ ನೋಡಿಲ್ಲ" ಎಂದಳು. ದೂರುವ ಧ್ವನಿಯಲ್ಲಲ್ಲ, ಹವಾಮಾನ ಹೇಳುವ ಹಾಗೆ.

ಬಂದರಿನೊಳಗೆ ಹೊರಗಿನವರನ್ನು ಬಿಡುವುದಿಲ್ಲ, ಪಾಸು ಬೇಕು. ನಾನು ಹೋಗಿ ನೋಡಲಿಲ್ಲ ಎಂದರೆ ಅದರಲ್ಲಿ ನನ್ನ ತಪ್ಪೇನು? ಪಾಸು ಕೇಳಿದ್ದೆಯಾ ಎಂದರೆ, ಇಲ್ಲ, ಕೇಳಿರಲಿಲ್ಲ.

ಎಡ ಮೊಣಕಾಲು ಯಾಕೋ ಸ್ವಲ್ಪ ಮುನಿಸಿಕೊಂಡಿದೆ. ಸೊಸೆಗೆ ಹೇಳಿಲ್ಲ. ಹೇಳುವಂಥದ್ದೇನಲ್ಲ.

ಅಕ್ಟೋಬರ್ 13, ಸೋಮವಾರ

ಇಂದಿನಿಂದ ದಾರಿ ಮೇಲಕ್ಕೇರುತ್ತದೆ. ಬೆಟ್ಟ ಕಾಣತೊಡಗಿದೆ, ನೆತ್ತಿ ಮಾತ್ರ ಮೋಡದೊಳಗಿದೆ.

ಮಧ್ಯಾಹ್ನದ ಮೇಲೆ ಒಂದು ಏರಿನಲ್ಲಿ, ತಿರುಗಿ ನೋಡದೆಯೇ, "ಅತ್ತೆ, ಎಡಗಾಲು" ಎಂದಳು.

"ಏನು ಎಡಗಾಲು?"

"ನಿನ್ನೆಯಿಂದ ಎಡಗಡೆ ಖಾಲಿ ಬರ್ತಿದೆ."

ಪೆಡಲಿನಲ್ಲೇ ಗೊತ್ತಾಗಿದೆ ಹುಡುಗಿಗೆ. ನನ್ನ ಎಡಗಾಲಿನ ಪಾಲನ್ನೂ ನಿನ್ನೆಯಿಂದ ತಾನೇ ತುಳಿಯುತ್ತಿದ್ದಾಳೆ, ಬಾಯಿ ಬಿಟ್ಟಿಲ್ಲ. ಏನಿಲ್ಲ, ಸುಮ್ಮನೆ ಮುಂದೆ ನೋಡು ಎಂದು ಗದರಿದೆ. ಆಮೇಲೆ ಸರಿಯಾಗಿ ತುಳಿದು ತೋರಿಸಲು ಹೋದಾಗ ಕಣ್ಣಿಗೆ ಕತ್ತಲೆ ಬಂತು.

ಸಂಜೆ ಹಲ್ಲಿನ ಡಾಕ್ಟರಿಗೆ ಮೊಣಕಾಲು ತೋರಿಸಬೇಕಾಗಿ ಬಂತು. ಬದುಕಿನಲ್ಲಿ ಇಂಥದ್ದೂ ಬರುತ್ತದೆ. ಅವರು ಮೊದಲ ಬಾರಿಗೆ ಮಾತಿಲ್ಲದೆ ನೋಡಿದರು, ಅದೇ ನನಗೆ ಹೆದರಿಕೆ ಹುಟ್ಟಿಸಿತು. ಐಸು ಇಡಿ, ಮಡಚಬೇಡಿ, ನಾಳೆ ದೊಡ್ಡ ಆಸ್ಪತ್ರೆಯಲ್ಲಿ ತೋರಿಸಿ ಎಂದರು. ಮಡಚದೆ ಸೈಕಲ್ ತುಳಿಯುವುದು ಹೇಗೆ ಎಂದು ಕೇಳಿದೆ.

ಅಕ್ಟೋಬರ್ 14, ಮಂಗಳವಾರ

ಘಾಟಿಯ ಬುಡಕ್ಕೆ ಬಂದು ತಲುಪಿದೆವು. ಹೇಗೆ ತಲುಪಿದೆ ಎಂದು ಕೇಳಬಾರದು. ಬಲಗಾಲೊಂದರಲ್ಲೇ ತುಳಿದೆ, ಉಳಿದದ್ದನ್ನೆಲ್ಲ ಅವಳು ತುಳಿದಳು.

ಮೊಣಕಾಲು ಬನ್ನಿನಂತೆ ಊದಿದೆ. ಇಲ್ಲಿನ ಆಸ್ಪತ್ರೆಯ ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು, ಸುತ್ತಿ ಬಳಸಿ ಮಾತಾಡುವವಳಲ್ಲ. "ನಾಳೆ ಈ ಕಾಲಲ್ಲಿ ಘಾಟಿ ಹತ್ತಿದ್ರೆ ಆಮೇಲೆ ನಿಮ್ಮನೆ ಮೆಟ್ಟಿಲೂ ಹತ್ತಲಾರಿರಿ" ಎಂದಳು. ಒಂದು ದಿನ, ಒಂದೇ ದಿನ ತಾಯೀ ಎಂದೆ. ತಲೆ ಅಲ್ಲಾಡಿಸಿದಳು.

ಮೇಷ್ಟ್ರು ಬಂದು ಬಾಗಿಲ ಹತ್ತಿರವೇ ನಿಂತ. ವ್ಯಾನು ಎಂಬ ಮಾತು ಅವನ ಬಾಯಿಗೂ ಬರಲಿಲ್ಲ. "ಮುಂದಿನ ಸೀಟು ನಿಮಗೆ ಅಂತ ಹೇಳಿದ್ದೀನಿ ಅಮ್ಮಾ" ಎಂದು ಹೇಳಿ ಹೋದ.

ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ನಲ್ಲಿ ತಿರುಗಿಸಿ ಅತ್ತೆ. ಇಲ್ಲಿ ಬರೆಯಲು ನನಗೇನು ನಾಚಿಕೆ. ಬಂದರಿನಿಂದ ಇಲ್ಲಿಯವರೆಗೆ ಒಂದು ಗಜವನ್ನೂ ಬಿಡದೆ ತುಳಿದು, ಅಮ್ಮ ಹತ್ತಿದ ಬೆಟ್ಟದ ಬುಡದಲ್ಲಿ ಬಂದು ಕುಸಿದೆ. ಅಮ್ಮ ಬದುಕಿದ್ದರೆ ಏನೂ ಅನ್ನುತ್ತಿರಲಿಲ್ಲ. ಅದಕ್ಕೇ ಇನ್ನೂ ಸಂಕಟ.

ಹೊರಗೆ ಬಂದಾಗ ಹುಡುಗಿ ಬಾಗಿಲಿಗೇ ಒರಗಿ ಕೂತಿದ್ದಳು. ಕಣ್ಣು ನೋಡಿರುತ್ತಾಳೆ. ನಾನೇ, "ನೋಡು, ನನ್ನಿಂದ ನೀನ್ಯಾಕೆ ಕಳ್ಕೋಬೇಕು. ವ್ಯಾನಲ್ಲಿ ಒಂದು ಹಗುರದ ಸೈಕಲ್ ಸ್ಪೇರ್ ಇದೆ. ಅದ್ರಲ್ಲಿ ಹತ್ತು" ಎಂದೆ.

"ನಾನು ನಮ್ಮದನ್ನೇ ತಗೊಂಡು ಹೋಗ್ತೀನಿ."

"ತಲೆ ಕೆಟ್ಟಿದ್ಯಾ? ಖಾಲಿ ಸೀಟು ಹೊತ್ಕೊಂಡು ಘಾಟಿ ಹತ್ತುತ್ತಾರಾ ಯಾರಾದ್ರೂ?"

"ಖಾಲಿ ಅಂತ ಯಾಕಂತೀರಾ. ನಿಮ್ಮ ಸೀಟದು."

"ಭಾರ ಕಣೆ."

"ಭಾರ ನನಗೆ ಹೊಸದಲ್ಲ ಅತ್ತೆ."

ಬೈದೆ. ಬುದ್ಧಿ ಹೇಳಿದೆ. ಗಂಡನಿಗೆ ಫೋನು ಮಾಡುತ್ತೇನೆಂದು ಹೆದರಿಸಿದೆ. ಕಲ್ಲಿಗಾದರೂ ಹೇಳಬಹುದು. ಕೊನೆಗೆ ಹಿಂದಿನ ಕ್ಯಾರಿಯರನ್ನಾದರೂ ಬಿಚ್ಚು, ನೀರಿನ ಬಾಟಲಿ ಒಂದೇ ಇಟ್ಟುಕೋ, ಬೆಳಿಗ್ಗೆ ಎರಡು ಮೊಟ್ಟೆ ಹೆಚ್ಚು ತಿನ್ನು ಎಂದೆ. ಅವಳ ಅಂಗಿಯ ಕುತ್ತಿಗೆಯ ಹತ್ತಿರ ಬಿಟ್ಟಿದ್ದ ಹೊಲಿಗೆಯನ್ನು ಈಗಷ್ಟೇ ಹಾಕಿ ಇಟ್ಟೆ. ಗಾಳಿ ನುಗ್ಗುತ್ತದೆ ಅಲ್ಲಿ.

ಅಕ್ಟೋಬರ್ 15, ಬುಧವಾರ

ಎಲ್ಲಿಂದ ಶುರು ಮಾಡಲಿ.

ನಮ್ಮ ಹುಡುಗಿ ಹತ್ತಿದಳು.

ಬೆಳಿಗ್ಗೆ ಚಳಿ, ರಸ್ತೆಯ ಮೇಲೆ ಮಂಜು. ಹದಿಮೂರು ಸೈಕಲ್ ಹೊರಟವು. ಅಷ್ಟುದ್ದದ ಸೈಕಲ್ಲಿನ ಮುಂದುಗಡೆ ಒಬ್ಬಳೇ ಕೂತಿದ್ದಳು, ಹಿಂದಿನ ಪೆಡಲುಗಳು ಯಾರೂ ಇಲ್ಲದೆ ತಮ್ಮಷ್ಟಕ್ಕೆ ತಿರುಗುತ್ತಿದ್ದವು. ನೋಡಿದವರಿಗೆ ನಗು ಬರಬೇಕು. ಯಾರೂ ನಗಲಿಲ್ಲ. ಹಗುರದ ಸೈಕಲಿನವರು ಮೊದಲ ತಿರುವಿನಲ್ಲೇ ಮುಂದೆ ಹೋದರು. ಇವಳು ಎಲ್ಲರಿಗಿಂತ ಹಿಂದೆ, ಇವಳ ಹಿಂದೆ ವ್ಯಾನು. ಹಾಗಾಗಿ ಬೆಳಗಿನಿಂದ ಇಡೀ ಘಾಟಿ ಅವಳು ನನ್ನ ಕಣ್ಣ ಮುಂದೆಯೇ ಇದ್ದಳು.

ವ್ಯಾನಿನ ಡ್ರೈವರು ಆಕಳಿಸುವ ಆಸಾಮಿ. "ಸ್ಪೇರ್ ಸೈಕಲ್ ಇದ್ರೂ ಆ ಸೈಕಲಲ್ಲಿ ಒಬ್ಬರೇ ಯಾಕೆ?" ಎಂದು ಕೇಳಿದ. ಅಷ್ಟು ಸಾಕಾಯಿತು ನನಗೆ. ಅವಳು ಬಂದರಿನಲ್ಲಿ ಕ್ರೇನ್ ಓಡಿಸುವುದು, ಕಾಲ ಕೆಳಗೆ ಗಾಜಿರುವುದು, ಮನೆಯಷ್ಟು ಭಾರದ ಪೆಟ್ಟಿಗೆಯನ್ನು ತಟ್ಟೆ ಇಟ್ಟ ಹಾಗೆ ಇಡುವುದು, ಎಲ್ಲ ಹೇಳಿದೆ. "ಇಡೋವಾಗ ಸದ್ದೂ ಆಗಲ್ಲ" ಎಂದೆ. ನಾನು ನೋಡಿಲ್ಲ, ಆದರೆ ಆಗುವುದಿಲ್ಲ, ನನಗೆ ಗೊತ್ತು. ಅವನು ಆಕಳಿಸುವುದು ನಿಲ್ಲಿಸಿದ.

ಅವಳು ತುಳಿಯುವುದನ್ನು ನಾನು ಹಿಂದೆಂದೂ ನೋಡಿರಲಿಲ್ಲ. ಅಷ್ಟು ದಿನ ಜೊತೆಗೆ ತುಳಿದರೂ ನೋಡಿರಲಿಲ್ಲ. ಏರು ಬಂದಾಗ ಸೀಟಿನಿಂದ ಎದ್ದು, ಭುಜ ಅಲುಗಾಡಿಸದೆ, ಒಂದೊಂದೇ ಪೆಡಲನ್ನು ಇಟ್ಟು ಇಟ್ಟು ಒತ್ತುತ್ತಾಳೆ. ಅವಸರವಿಲ್ಲ. ತಿರುವಿನಲ್ಲಿ ಹೊರಗಿನಿಂದ ಬಂದು ಒಳಕ್ಕೆ ತಿರುಗಿಸುವ ಚಂದ ನೋಡಬೇಕು. ಅಷ್ಟುದ್ದದ ಸೈಕಲ್ಲು ಅವಳ ಮಾತು ಕೇಳುತ್ತದೆ. ಅರ್ಧ ದಾರಿಯಲ್ಲಿ ಹಗುರದ ಸೈಕಲಿನವರು ಒಬ್ಬೊಬ್ಬರೇ ಇಳಿದು ತಳ್ಳತೊಡಗಿದ್ದರು. ಹಲ್ಲಿನ ಡಾಕ್ಟರು ಮೈಲಿಗಲ್ಲಿನ ಮೇಲೆ ಕೂತು ಬಾಯಿ ತೆರೆದುಕೊಂಡಿದ್ದರು. ಇವಳು ಅವರನ್ನು ದಾಟಿ ಹೋದಳು, ಸೈಕಲಿನಿಂದ ಇಳಿಯದೆ. ವ್ಯಾನನ್ನು ಅವಳ ಹಿಂದೆಯೇ ಬಿಡು ಎಂದು ಡ್ರೈವರಿಗೆ ಹೇಳಿದೆ.

ಮರಗಳು ಮುಗಿದ ಮೇಲೆ ಗಾಳಿ ಶುರುವಾಯಿತು. ಒಂದು ಬೋಳು ತಿರುವಿನಲ್ಲಿ ಅಡ್ಡಗಾಳಿ ಬೀಸಿ ಆ ಉದ್ದದ ಸೈಕಲ್ಲನ್ನು ಬಾಗಿಲಿನ ಹಾಗೆ ತಳ್ಳಿಬಿಟ್ಟಿತು. ಬಿದ್ದಳು. ಡ್ರೈವರು ಪಕ್ಕದಲ್ಲಿ ವ್ಯಾನು ನಿಲ್ಲಿಸಿ, ಇಳಿದು ಹೋಗಿ ಹಿಂದಿನ ಬಾಗಿಲು ತೆರೆದ. ಅದು ಅವನ ಕೆಲಸ, ತಪ್ಪಿಲ್ಲ.

"ಮುಚ್ಚಪ್ಪಾ ಬಾಗಿಲು" ಎಂದೆ.

"ಪೆಟ್ಟಾಗಿದೆಯಲ್ಲಮ್ಮಾ."

"ಅವಳು ಕೇಳಿದ್ಲಾ? ಕೇಳೋವರೆಗೂ ತೆಗೀಬೇಡ. ಮುಚ್ಚು."

ಮೊಣಕೈಯಿಂದ ರಕ್ತ ಬರುತ್ತಿದ್ದುದು ಇಲ್ಲಿಂದಲೇ ಕಾಣುತ್ತಿತ್ತು. ಬಾ, ಸಾಕು, ಬಾ ಮಗಳೇ ಎಂದು ಕರೆಯಲು ಬಾಯಿಯವರೆಗೆ ಬಂದಿತ್ತು. ಕರೆಯಲಿಲ್ಲ. ಕರೆದಿದ್ದರೆ ಬರುತ್ತಿದ್ದಳೇನೋ, ನನಗೋಸ್ಕರ. ಹಾಗೆ ಬರಬಾರದಿತ್ತು.

ಅವಳು ಎದ್ದು ಸೈಕಲ್ ಎತ್ತಿದಳು, ಚೈನು ಕೂರಿಸಿದಳು, ಹಿಂದಿನ ಸೀಟಿನ ಮೇಲೆ ಮೆತ್ತಿಕೊಂಡಿದ್ದ ಮಣ್ಣನ್ನು ಅಂಗೈಯಿಂದ ಒರೆಸಿದಳು. ತನ್ನ ಮೊಣಕೈಯನ್ನು ಒರೆಸಿಕೊಳ್ಳಲಿಲ್ಲ. ನಾನು ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಕೂಗತೊಡಗಿದೆ. ವ್ಯಾನಿನಿಂದ ಮೇಲಿನ ಹುಲ್ಲು ಯಾವ ಕಡೆ ಮಲಗುತ್ತಿದೆ ಎಂಬುದು ಕಾಣುತ್ತಿತ್ತು. ಗಾಳಿ ಬರ್ತಿದೆ, ಒಳಗೆ ಹಿಡಿ. ಈಗ ಇಲ್ಲ, ತುಳಿ. ಹಿಂದೆ ಲಾರಿ, ನಿಧಾನ, ಹೋಯಿತು, ತುಳಿ. ಅವಳು ಒಮ್ಮೆಯೂ ತಿರುಗಿ ನೋಡಲಿಲ್ಲ. ಡ್ರೈವರು ಕೂಡ ಸ್ವಲ್ಪ ಹೊತ್ತಿನಲ್ಲಿ ನನ್ನ ಜೊತೆ ಕೂಗಲು ಶುರು ಮಾಡಿದ. ನೀನು ಸುಮ್ಮನಿರು, ಒಬ್ಬರ ಮಾತು ಮಾತ್ರ ಕೇಳುವುದು ಅವಳು ಎಂದು ಅವನ ಬಾಯಿ ಮುಚ್ಚಿಸಿದೆ.

ನೆತ್ತಿಯಲ್ಲಿ ನೋಡುವಂಥದ್ದೇನೂ ಇಲ್ಲ. ಒಂದು ಸಿಮೆಂಟು ಬೆಂಚು, ಗಾಳಿಗೆ ವಾಲಿದ ಒಂದು ಕಂಬ, ಆಚೆ ಕಡೆಗೆ ಇಳಿಯುವ ರಸ್ತೆ. ಮೊದಲೇ ಬಂದು ತಲುಪಿದ್ದವರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮೇಷ್ಟ್ರು ಅಲ್ಲಿ ಭಾಷಣ ಮಾಡಬೇಕೆಂದು ಸಿದ್ಧ ಮಾಡಿಕೊಂಡು ಬಂದಿದ್ದ, ಅದನ್ನು ಬಿಟ್ಟು ತಾನೂ ಚಪ್ಪಾಳೆ ತಟ್ಟುತ್ತಾ ನಿಂತ. ನಾನು ವ್ಯಾನಿನಿಂದ ಇಳಿದು ಕುಂಟಿಕೊಂಡು ಹೋದೆ. ಅವಳು ಸೈಕಲ್ಲಿಗೆ ಒರಗಿ ಏದುಸಿರು ಬಿಡುತ್ತಿದ್ದಳು. ಮುಖವೆಲ್ಲ ಬೆವರು, ಧೂಳು. ನನ್ನ ಸೆರಗಿನಿಂದಲೇ ಒರೆಸಿದೆ.

"ನಿಮ್ಮಮ್ಮ ಎರಡು ಪೆಟ್ಟಿಗೆ ಇಟ್ಕೊಂಡು ಇದನ್ನ ಹತ್ತಿದ್ರಾ?" ಎಂದಳು ಕೊನೆಗೆ.

"ಹೂಂ."

"ಸುಳ್ಳು ಹೇಳಿರ್ತಾರೆ ಅತ್ತೆ."

ಅಷ್ಟು ಜೋರಾಗಿ ನಾನು ನಕ್ಕು ಎಷ್ಟೋ ವರ್ಷವಾಗಿತ್ತು. ಅವಳ ಸ್ಕೂಟರೂ ಸ್ಟಾರ್ಟ್ ಆಯಿತು. ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ನಗುತ್ತಿದ್ದುದನ್ನು ಕಂಡು ಉಳಿದವರು ಮುಖ ಮುಖ ನೋಡಿಕೊಂಡರು.

ಆಚೆ ಕಡೆಯ ಊರಿಗೆ ಬಂದು ಇಳಿದುಕೊಂಡಿದ್ದೇವೆ. ಊಟದ ಮನೆಯಲ್ಲಿ ಪಕ್ಕದ ಮೇಜಿನವರು ಸೈಕಲ್ ನೋಡಿ ಯಾರದು ಎಂದು ಕೇಳಿದರು. ಅವರಿಗೂ ಮೊದಲಿನಿಂದ ಹೇಳಿದೆ. ಹುಡುಗಿ ನಾಚಿಕೊಂಡು ತಟ್ಟೆಯಲ್ಲಿ ಮುಖ ಹುದುಗಿಸಿದಳು. ಮೊಣಕೈಗೆ ಔಷಧಿ ಹಚ್ಚಿ ಮಲಗಿಸಿದ್ದೇನೆ. ಊರಿಗೆ ಹೋದ ಕೂಡಲೇ ಬಂದರಿನ ಆಫೀಸಿಗೆ ಹೋಗಿ ಪಾಸು ಕೇಳಬೇಕು. ಕೊಡುವುದಿಲ್ಲ ಎನ್ನಲಿ, ನೋಡುತ್ತೇನೆ.

ಮಗ ಫೋನು ಮಾಡಿದ್ದ. ಮಂಜಿನಿಂದ ಹಿಡಿದು ಚಪ್ಪಾಳೆಯವರೆಗೆ ಒಂದನ್ನೂ ಬಿಡದೆ ಹೇಳಿದೆ. ಪೂರ್ತಿ ಕೇಳಿಸಿಕೊಂಡ. ಆಮೇಲೆ ಕಾಯಿಲೆಯವರನ್ನು ಮಾತಾಡಿಸುವ ಧ್ವನಿಯಲ್ಲಿ ಕೇಳಿದ.

"ಅಮ್ಮಾ, ನೀನು ವ್ಯಾನ್ ಹತ್ತಬೇಕಾಯ್ತಂತೆ. ಮೇಷ್ಟ್ರು ಹೇಳಿದ್ರು. ತುಂಬಾ ಬೇಜಾರಾಯ್ತಾ?"

ಇವನಿಗೆ ಏನು ಹೇಳಿದರೂ ಅರ್ಥವಾಗುವುದಿಲ್ಲ.

"ಅಯ್ಯೋ ದಡ್ಡ" ಎಂದೆ. "ಹಿಂದಿನ ಸೀಟಲ್ಲಿ ಕೂತಿದ್ರೆ ಬರೀ ಬೆನ್ನು ಕಾಣ್ತಿತ್ತು ಕಣೋ. ವ್ಯಾನಲ್ಲಿ ಕೂತಿದ್ದಕ್ಕೇ ಅವಳು ಪೂರ್ತಿ ಕಾಣಿಸಿದ್ದು."